ದೇವರ ಕೋಣೆಯ ಸರ್ವರ್

ಮನೆಗೆ ಸ್ವಂತ ಸರ್ವರ್ ಬೇಕು ಎಂದು ತೀರ್ಮಾನಿಸಿದ ದಿನ ನನ್ನ ತಲೆ ಪೂರ್ತಿ ನೆಟ್ಟಗಿತ್ತು ಎಂದು ಮೊದಲೇ ಸ್ಪಷ್ಟಪಡಿಸುತ್ತೇನೆ. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು. ನಮ್ಮ ಮನೆಯ ಫೋಟೋ, ವಿಡಿಯೋಗಳನ್ನು ಯಾವುದೋ ದೇಶದ ಯಾರದೋ ಗೋದಾಮಿನಲ್ಲಿ ಯಾಕೆ ಇಡಬೇಕು? ಹಳೆಯ ಕಂಪ್ಯೂಟರ್ ಒಂದನ್ನು ತಂದೆ, ಸಜ್ಜು ಮಾಡಿದೆ, ಮನೆಯ ಫೋನುಗಳನ್ನೆಲ್ಲ ಅದಕ್ಕೆ ಜೋಡಿಸಿದೆ. ವಿಜಯಪುರದ ಜಲನಗರದ ನಮ್ಮ ಓಣಿಯಲ್ಲಿ ಸ್ವಂತ ಸರ್ವರ್ ಹೊಂದಿರುವ ಏಕೈಕ ಗೃಹಸ್ಥ ನಾನೇ!

ಇನ್ವರ್ಟರಿನ ಪ್ಲಗ್ಗು ಇದ್ದದ್ದು ದೇವರ ಕೋಣೆಯಲ್ಲಿ ಮಾತ್ರ. ಹೀಗಾಗಿ ಸರ್ವರ್ ಅಲ್ಲಿಯೇ, ದೇವರ ಜಗಲಿಯ ಪಕ್ಕದಲ್ಲಿ ಪ್ರತಿಷ್ಠಾಪನೆಗೊಂಡಿತು. ನನ್ನ ಹೆಂಡತಿ ಸುವರ್ಣಾಳಿಗೆ ಇದು ಒಪ್ಪಿಗೆಯಾಗಲಿಲ್ಲ.

"ರೀ, ದೇವ್ರ ಮುಂದ ಇದೇನ್ ಹಗಲೂರಾತ್ರಿ ಗೊರ್ರ್ ಅಂತೈತಿ? ದೇವ್ರಿಗರ ನಿದ್ದಿ ಬ್ಯಾಡೇನು?"

"ದೇವ್ರು ಕಾಯ್ತಾನ ಬಿಡು," ಎಂದೆ. ದೇವರ ಮೇಲೆ ಅಷ್ಟು ಜವಾಬ್ದಾರಿ ಹೊರಿಸಬಾರದಿತ್ತು.

ಆ ಸರ್ವರಿನಲ್ಲಿ ನಿಜವಾಗಿ ಬೆಲೆಯುಳ್ಳದ್ದು ಇದ್ದದ್ದು ಒಂದೇ. ನಮ್ಮ ಅತ್ತೆಯ ಪದಗಳು. ಅತ್ತೆ, ಎಂದರೆ ಸುವರ್ಣಾಳ ತಾಯಿ, ಬಿಜ್ಜರಗಿ ಹಳ್ಳಿಯವರು. ಬೀಸುವಾಗ, ಕುಟ್ಟುವಾಗ ಹಾಡುವ ಪದಗಳು ಅವರ ಬಾಯಲ್ಲಿ ಎಷ್ಟಿವೆಯೋ ಅವರಿಗೇ ಗೊತ್ತಿಲ್ಲ. ಹೋದ ವರ್ಷ ನಮ್ಮ ಮನೆಗೆ ಬಂದಾಗ ಸುವರ್ಣಾ ಎದುರು ಕೂತು ಅವನ್ನೆಲ್ಲ ಫೋನಿನಲ್ಲಿ ಹಿಡಿದಿಟ್ಟಿದ್ದಳು. ಅದಾದ ಮೇಲೆ ಅತ್ತೆ ಹಲ್ಲುಗಳನ್ನೆಲ್ಲ ಕೀಳಿಸಿಕೊಂಡರು. ಈಗ ಅವರು ಹಾಡಿದರೆ ಪದಕ್ಕಿಂತ ಹಲ್ಲಿನ ಸೆಟ್ಟೇ ಹೆಚ್ಚು ಸದ್ದು ಮಾಡುತ್ತದೆ. ಹಾಗಾಗಿ ಇದ್ದದ್ದು ಆ ಧ್ವನಿಯಷ್ಟೇ. ಅದನ್ನು ನಾನು ಸರ್ವರಿಗೆ ಸಾಗಿಸಿ, ಜಾಗ ಉಳಿಯಲಿ ಎಂದು ಫೋನಿನಿಂದ ಅಳಿಸಿಬಿಟ್ಟಿದ್ದೆ. ಸರ್ವರಿನಲ್ಲಿ ಇಟ್ಟದ್ದಾದರೂ ಎಲ್ಲಿ? ಯಂತ್ರ ನಡೆಸುವ ವ್ಯವಸ್ಥೆಯೇ ಕೂತಿರುವ ಸಿಸ್ಟಂ ಡಿಸ್ಕಿನಲ್ಲಿ. ಇನ್ನೊಂದು ಡಿಸ್ಕು ತರುವ ಗೋಜಿಗೆ ನಾನು ಹೋಗಿರಲಿಲ್ಲ.

ದಸರೆಯ ಹೊತ್ತಿಗೆ ಆ ಡಿಸ್ಕು ಟಕ್, ಟಕ್ ಎನ್ನತೊಡಗಿತು. ಪಕ್ಕದ ಮನೆಯ ಪಾಟೀಲ ಕಾಕಾ, ನಿವೃತ್ತರು, ಬಂದು ಕಿವಿಗೊಟ್ಟು ಕೇಳಿದರು.

"ಸರ, ಎರಡು ಬಡೀರಿ. ನಮ್ಮ ಟಿವಿ ಹಂಗ ನಡದೈತಿ."

ನಾನು ನಕ್ಕೆ. ಇದು ವಿಜ್ಞಾನದ ವಿಷಯ. ಅದೇ ಕಂಪನಿಯ, ಅದೇ ಗಾತ್ರದ ಹೊಸ ಡಿಸ್ಕು ತಂದೆ. ಕಾಲೇಜಿನಿಂದ ನಕಲು ಮಾಡುವ ಪುಟ್ಟ ಪೆಟ್ಟಿಗೆಯೊಂದನ್ನೂ ಕೇಳಿ ತಂದೆ. ಅದಕ್ಕೆ ಎರಡು ಗೂಡು. ಎಡಗೂಡಿನಲ್ಲಿ ಹಳೆಯದನ್ನಿಟ್ಟು, ಬಲಗೂಡಿನಲ್ಲಿ ಹೊಸದನ್ನಿಟ್ಟು ಗುಂಡಿ ಒತ್ತಿದರೆ ಎಡದಲ್ಲಿದ್ದದ್ದೆಲ್ಲ ಬಲಕ್ಕೆ ಇಳಿಯುತ್ತದೆ. ಬಲದಲ್ಲಿ ಮೊದಲು ಏನೇ ಇದ್ದರೂ ಅಳಿಸಿಹೋಗುತ್ತದೆ. ಇದರಲ್ಲಿ ತಪ್ಪು ಮಾಡಲು ಏನಿದೆ?

ಅಂದು ಖಂಡೇಪೂಜೆ, ಅಂದರೆ ಆಯುಧಪೂಜೆ. ಬೆಳಿಗ್ಗೆ ಹಳೆಯ ಡಿಸ್ಕನ್ನು ಬಿಚ್ಚಿ ತೆಗೆದು ಹೊಸದರ ಪಕ್ಕ ಇಟ್ಟೆ. ಥೇಟ್ ಅವಳಿ ಜವಳಿ! ಗುರುತಿಗೆ ಪೆನ್ನು ಹುಡುಕಿದೆ, ಸಿಗಲಿಲ್ಲ. ದೇವರ ಕೋಣೆಯಲ್ಲವೇ, ಕುಂಕುಮದ ಬಟ್ಟಲು ಕೈಗೆಟುಕಿತು. ಹಳೆಯದಕ್ಕೆ ಒಂದು ಬೊಟ್ಟು ಇಟ್ಟೆ. ನನ್ನ ಸಮಯಸ್ಫೂರ್ತಿಗೆ ನಾನೇ ತಲೆದೂಗಿದೆ. ಅಷ್ಟರಲ್ಲಿ ಕಾಕಾ ಸ್ಕೂಟರಿಗೆ ಕಬ್ಬು ಕಟ್ಟಲು ಕರೆದರು, ಹೋದೆ.

ಮರಳಿ ಬಂದು ನೋಡಿದರೆ ಜಗಲಿಯ ಮುಂದೆ ಇಳಿಗೆ, ಸುತ್ತಿಗೆ, ಕತ್ತರಿಗಳ ಸಾಲಿನಲ್ಲಿ ಎರಡೂ ಡಿಸ್ಕುಗಳು ಮೈತುಂಬ ವಿಭೂತಿ ಬಳಿದುಕೊಂಡು, ನಡುವೆ ಕುಂಕುಮವಿಟ್ಟುಕೊಂಡು, ಮೇಲೊಂದು ಚೆಂಡು ಹೂ ಮುಡಿದು ಕೂತಿದ್ದವು!

"ಇದೇನ್ ಮಾಡಿದಿ? ಒಂದಕ್ಕ ನಾ ಮೊದಲ ಕುಂಕುಮ ಹಚ್ಚಿದ್ನಲ್ಲ!" ಎಂದು ಸುವರ್ಣಾಳ ಮೇಲೆ ಹರಿಹಾಯ್ದೆ.

"ನೋಡೀನ್ರಿ. ಅರ್ಧಾ ಪೂಜಿ ಮಾಡಿ ಎದ್ದು ಹೋಗ್ಯಾರ ಅಂತ ನಾನ ಪೂರ್ತಿ ಮಾಡೀನಿ."

"ಒರಸ್ತೇನಿ ತಡಿ."

"ಮುಟ್ಟಬ್ಯಾಡ್ರಿ! ನಾಳಿ ಮುಂಜಾನಿ ಪೂಜಿ ತಗಿಯೂತನಕ ಯಾವುದಕ್ಕೂ ಕೈ ಹಚ್ಚೂದಿಲ್ಲ. ನಿಮಗ ಇಷ್ಟೂ ತಿಳಿಯಂಗಿಲ್ಲೇನು?"

ಮರುದಿನ ಪೂಜೆ ತೆಗೆದ ಮೇಲೆ ಒದ್ದೆ ಬಟ್ಟೆಯಿಂದ ಚೆನ್ನಾಗಿ ಉಜ್ಜಿದೆ. ವಿಭೂತಿ ಹೋಯಿತು, ಕುಂಕುಮ ಹೋಯಿತು, ಜೊತೆಗೆ ಡಿಸ್ಕಿನ ಮೇಲಿನ ಚೀಟಿಯ ಅಕ್ಷರಗಳೂ ಹೋದವು. ಆಗ ಒಂದೊಂದನ್ನೇ ಕಂಪ್ಯೂಟರಿಗೆ ಹಚ್ಚಿ ನೋಡಿದ್ದರೆ ಯಾವುದು ಖಾಲಿ, ಯಾವುದು ತುಂಬಿದ್ದು ಎಂದು ಕಣ್ಣು ಮಿಟುಕಿಸುವುದರೊಳಗೆ ತಿಳಿಯುತ್ತಿತ್ತು. ಆದರೆ ಮತ್ತೆ ಭೌತಶಾಸ್ತ್ರ ಯಾತಕ್ಕಿದೆ?

ಅಡುಗೆಮನೆಯ ತಕ್ಕಡಿಯ ಮೇಲೆ ಎರಡನ್ನೂ ತೂಗಿದೆ. ಒಂದು ಕೂದಲೆಳೆಯಷ್ಟು ಹೆಚ್ಚು ತೂಗಿತು. "ನೋಡು, ಇದ ಹಳೇದು. ಇಷ್ಟು ವರ್ಷ ನಡದು ಒಳಗ ಧೂಳ ಕೂತಿರ್ತೈತಿ," ಎಂದು ಸುವರ್ಣಾಳಿಗೆ ಪಾಠ ಮಾಡಿದೆ. ಅವಳು ತಲೆಯಾಡಿಸಿದಳು. ವಿದ್ಯಾರ್ಥಿಗಳೂ ಹೀಗೆಯೇ ತಲೆಯಾಡಿಸುತ್ತಾರೆ, ಪರೀಕ್ಷೆಯಲ್ಲಿ ಗೊತ್ತಾಗುತ್ತದೆ.

ತೂಕದ್ದನ್ನು ಎಡಗೂಡಿಗೆ ಇಟ್ಟೆ, ಹಗುರದ್ದನ್ನು ಬಲಗೂಡಿಗೆ ಇಟ್ಟೆ, ಗುಂಡಿ ಒತ್ತಿದೆ. ಮಧ್ಯಾಹ್ನದ ಊಟ, ಒಂದು ನಿದ್ದೆ ಮುಗಿಯುವಷ್ಟರಲ್ಲಿ ಹಸಿರು ದೀಪ ಹತ್ತಿತು. ಕಾರ್ಯ ಯಶಸ್ವಿ!

ಬಲಗೂಡಿನ ಡಿಸ್ಕನ್ನು ಸರ್ವರಿಗೆ ಹಾಕಿದೆ. ಏನೂ ಬರಲಿಲ್ಲ. ಇನ್ನೊಂದನ್ನು ಹಾಕಿದೆ. ಅದೂ ಖಾಲಿ. ಖಾಲಿ ಡಿಸ್ಕನ್ನು ಎಡಕ್ಕಿಟ್ಟು, ಅದರ ಖಾಲಿತನವನ್ನು ಒಂದಿಷ್ಟೂ ಬಿಡದೆ ಅತ್ತೆಯ ಪದಗಳ ಮೇಲೆ ನಕಲು ಮಾಡಿದ್ದೆ! ಎತ್ತಿ ನೋಡಿದರೆ ಹೊಸ ಡಿಸ್ಕಿನ ಸ್ಕ್ರೂ ತೂತುಗಳಲ್ಲಿ ವಿಭೂತಿ ಮೆತ್ತಿಕೊಂಡಿತ್ತು. ನಾನು ಧೂಳೆಂದು ತೂಗಿದ್ದು ಆ ವಿಭೂತಿಯನ್ನು.

ಸರಿಯಾಗಿ ಆಗಲೇ ಪಾಟೀಲ ಕಾಕಾ ಬನ್ನಿ ಎಲೆ ಹಿಡಿದು ಒಳಗೆ ಬಂದರು. "ಬನ್ನಿ ತಗೊಂಡು ಬಂಗಾರದಂಗ ಇರೂಣು ಸರ!"

ನನ್ನ ಬಂಗಾರದ ಮುಖ ನೋಡಿ ಅವರೇ ಗಾಬರಿಯಾಗಿ, ಎಲೆಯನ್ನು ಸರ್ವರಿನ ಮೇಲಿಟ್ಟು ಹೋದರು.

"ಅವ್ವನ ದನಿ ಹೋತು ಅಂದಂಗಾತು?" ಎಂದಳು ಸುವರ್ಣಾ. ಅಷ್ಟೇ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಬನ್ನಿ ಕೊಡಲು ಬರುವವರಿಗೆ ಚಹಾ ಇಡಲು ಹೋದಳು. ಇಷ್ಟು ಓದಿ ನಾನು ಮಾಡಿದ್ದೇನು? ಒಬ್ಬ ಮುದುಕಿಯ ಬಾಯಿ ಮುಚ್ಚಿಸಿದ್ದು.

ಅತ್ತೆಯ ಎದುರು ನಿಂತು ನಾನೇ ಹೇಳಬೇಕು ಎಂದು ಮರುದಿನ ಬಸ್ಸು ಹತ್ತಿದೆ. ತಿಕೋಟಾದಲ್ಲಿ ಇಳಿದು, ಟಂಟಂ ಆಟೋ ಹಿಡಿದು ಬಿಜ್ಜರಗಿಗೆ ಹೋದೆ. ದಾರಿಯುದ್ದಕ್ಕೂ "ಅತ್ಯಾರ, ತಾಂತ್ರಿಕ ಕಾರಣದಿಂದ..." ಎಂದು ಮನಸ್ಸಿನಲ್ಲೇ ಬಾಯಿಪಾಠ ಮಾಡಿದೆ. ಸುವರ್ಣಾಳ ತಮ್ಮ ಮಲ್ಲಪ್ಪನ ದ್ರಾಕ್ಷಿ ತೋಟದಲ್ಲಿ ಬಳ್ಳಿ ಕತ್ತರಿಸುವ ಕೆಲಸ ನಡೆದಿತ್ತು. ಬದುವಿನ ಹತ್ತಿರ ಬರುತ್ತಿದ್ದಂತೆ ಅತ್ತೆ ಹಾಡುವುದು ಕೇಳಿಸಿತು. ಅದೂ ಹಲ್ಲಿದ್ದಾಗಿನ ದನಿ! ತಪ್ಪು ಮಾಡಿದವನಿಗೆ ಕಿವಿಯೂ ಕೈಕೊಡುತ್ತದೆ ಎಂದುಕೊಂಡೆ.

ಇನ್ನೂ ಮುಂದೆ ಹೋದರೆ ಗೊಂಡೆ ಕಟ್ಟಿದ ಟ್ರ್ಯಾಕ್ಟರ್ ನಿಂತಿತ್ತು. ಅದರ ನೆತ್ತಿಯ ಮೇಲಿನ ಎರಡು ದೊಡ್ಡ ಸ್ಪೀಕರುಗಳಲ್ಲಿ ಅತ್ತೆ ಹಾಡುತ್ತಿದ್ದರು. ಕೆಲಸದ ಹೆಣ್ಣುಮಕ್ಕಳು ಕತ್ತರಿ ಆಡಿಸುತ್ತ ದನಿಗೂಡಿಸಿ ಸೊಲ್ಲು ಹಿಡಿಯುತ್ತಿದ್ದರು. ಸಾಕ್ಷಾತ್ ಅತ್ತೆ ಬೇವಿನ ನೆರಳಲ್ಲಿ ಕೂತು ಅಡಿಕೆ ಕುಟ್ಟುತ್ತಿದ್ದರು.

"ಮಲ್ಲಪ್ಪಾ, ಇದ ಎಲ್ಲಿಂದ ಬಂತು?"

"ಅವ್ವನ ಹಲ್ಲು ತಗಸಾಕ ಬಂದಾಗ ಅಕ್ಕನ ಫೋನಿನಿಂದ ತಗೊಂಡಿದ್ದೆ ಮಾವಾರ. ತಿಕೋಟಾದಾಗ ಪೆನ್ ಡ್ರೈವಿಗೆ ಹಾಕಿಸೀನಿ. ಅಕ್ಕಗ ಹೇಳೂದ ಮರತಿತ್ತು. ಯಾಕ್ರಿ?"

ನಾನು ನಡೆದದ್ದನ್ನೆಲ್ಲ ಹೇಳಿದೆ. ತಾಂತ್ರಿಕ ಕಾರಣ ಎಂಬ ಮಾತನ್ನು ಮಾತ್ರ ಕೈಬಿಟ್ಟೆ. ಹಲ್ಲಿನ ಸೆಟ್ಟು ತೆಗೆದಿಟ್ಟಿದ್ದ ಅತ್ತೆ ಬೊಚ್ಚು ಬಾಯಿ ತೆರೆದು ನಕ್ಕರು.

"ಅಳಿಯಾರ, ದಿನಾ ನನ್ನ ದನಿ ನಾನ ಕೇಳಿ ತಲಿ ಚಿಟ್ಟ ಹಿಡದೈತಿ. ನೀವರ ಒಯ್ರಿ, ಪುಣ್ಯಾ ಬರ್ತೈತಿ!"

ಮಲ್ಲಪ್ಪ ಟ್ರ್ಯಾಕ್ಟರಿನಿಂದ ಪೆನ್ ಡ್ರೈವ್ ಕಿತ್ತ. ಮಣ್ಣು, ಗ್ರೀಸು, ಔಷಧದ ಕಲೆ ಎಲ್ಲ ಅದರ ಮೇಲಿದ್ದವು. ಇನ್ವರ್ಟರು ಇಲ್ಲ, ದೇವರ ಕಾವಲಿಲ್ಲ, ಆದರೂ ಒಂದು ಪದವೂ ಹೋಗಿರಲಿಲ್ಲ. ನಾನು ಕೈ ಚಾಚಿದೆ. ಅಷ್ಟರಲ್ಲಿ ಮಲ್ಲಪ್ಪ ಸುವರ್ಣಾಳಿಗೆ ಫೋನು ಹಚ್ಚಿದ್ದ. ಸುದ್ದಿ ಕೇಳಿ ಅವಳು ನಕ್ಕಳೋ ಅತ್ತಳೋ ತಿಳಿಯಲಿಲ್ಲ. ಮರುಕ್ಷಣ ಚೀರಿದ್ದು ಮಾತ್ರ ತೋಟಕ್ಕೆಲ್ಲ ಕೇಳಿಸಿತು.

"ಮಲ್ಲೂ, ನಿನ್ನ ಕಾಲಿಗೆ ಬೀಳ್ತೇನಿ, ಅದನ್ನ ಅವರ ಕೈಯಾಗ ಕೊಡಬ್ಯಾಡ! ನೀನ ತಗೊಂಡು ಬಾ!"

ಹೀಗೆ ಪೆನ್ ಡ್ರೈವ್ ಮಲ್ಲಪ್ಪನ ಅಂಗಿಯ ಒಳಕಿಸೆಯಲ್ಲಿ ಕೂತು ವಿಜಯಪುರಕ್ಕೆ ಹೊರಟಿತು. ಅವನ ಬೈಕಿನ ಹಿಂದೆ ನಾನು ಕೂತೆ. ಅಳಿಯ ಬರಿಗೈಲಿ ಹೋಗಬಾರದೆಂದು ಅತ್ತೆ ನನ್ನ ಕೈಗೆ ಒಂದು ಚೀಲ ಒಣದ್ರಾಕ್ಷಿ ಕೊಟ್ಟರು. ಅದನ್ನು ಕಳೆದರೂ ಚಿಂತೆಯಿಲ್ಲ, ಮನೆಯಲ್ಲಿ ಇನ್ನೂ ಇದೆ ಎಂದು ಧೈರ್ಯವನ್ನೂ ಹೇಳಿದರು.