ಅತ್ಯುತ್ತಮ ನಿರ್ಗಂಧ ನಿಂಬೆಹುಲ್ಲು

ಸುಗಂಧ ಬೆಳೆಗಳ ಕಚೇರಿಯ ನಿಯಮದ ಪ್ರಕಾರ, ಬೆಳೆಗೆ ಪರಿಮಳ ಇದೆಯೋ ಇಲ್ಲವೋ ಎಂದು ತೀರ್ಮಾನಿಸುವ ಅಧಿಕಾರ ಪರಿಮಳ ಪರೀಕ್ಷಕರ ಮೂಗಿಗೆ ಮಾತ್ರ ಇದೆ. ಆ ಮೂಗು ಇಪ್ಪತ್ತು ವರ್ಷ ನಶ್ಯ ಏರಿಸಿಕೊಂಡು ಸ್ವಯಂನಿವೃತ್ತಿ ಪಡೆದಿತ್ತು. ಪರೀಕ್ಷಕರಿಗೆ ಇನ್ನೂ ನಾಲ್ಕು ವರ್ಷ ಸರ್ವೀಸು ಬಾಕಿಯಿತ್ತು. ಇದರಲ್ಲಿ ನಿಯಮಬಾಹಿರವಾದದ್ದೇನೂ ಇಲ್ಲ.

ನಮ್ಮಕ್ಕ ಇದ್ದ ಒಂದೇ ಹೊಲಕ್ಕೆ ನಿಂಬೆಹುಲ್ಲು ಹಾಕಿದ್ದಳು. ಕೊಯ್ದ ಹುಲ್ಲನ್ನು ಎರಡು ದಿನದೊಳಗೆ ಭಟ್ಟಿಗೆ ಹಾಕಿ ಎಣ್ಣೆ ಇಳಿಸಬೇಕು. ತಡವಾದರೆ ಎಣ್ಣೆಯೂ ಹೋಯಿತು, ವರ್ಷದ ದುಡಿಮೆಯೂ ಹೋಯಿತು. ಕಚೇರಿಯ ಪ್ರಮಾಣಪತ್ರವಿಲ್ಲದೆ ಭಟ್ಟಿ ಮಾಲೀಕ ಬಾಗಿಲು ತೆಗೆಯುವವನಲ್ಲ. ಅಕ್ಕ ಒಂದು ಹೊರೆ ಹೊತ್ತು ಕಚೇರಿಗೆ ಹೊರಟಳು, ಹಿಂದೆ ನಾನು. ನಾವು ಮೆಟ್ಟಿಲು ಹತ್ತುವಷ್ಟರಲ್ಲಿ ಗುಮಾಸ್ತರೆಲ್ಲ ನಿಂಬೆ ಚಹಾ ಬಂತೆಂದು ಲೋಟ ಹಿಡಿದು ಬಾಗಿಲಿಗೆ ಬಂದರು.

ಪರೀಕ್ಷಕರು ಹೊರೆಯಲ್ಲಿ ಮುಖ ಹುದುಗಿಸಿ ಎದ್ದರು.

"ವಾಸನೆ ಇಲ್ಲಮ್ಮ."

"ಸಾರ್, ಕೋಣೆಯೆಲ್ಲ ಘಮ್ ಅಂತಿದೆಯಲ್ಲ" ಅಂದಳು ಅಕ್ಕ.

"ಯಾರ ಮೂಗಿಗೆ?"

"ನನ್ನ ಮೂಗಿಗೆ. ಇವರೆಲ್ಲರ ಮೂಗಿಗೂ."

"ನಿಮ್ಮ ಮೂಗಿಗೆ ನೇಮಕಾತಿ ಆದೇಶ ಇದೆಯಾ?"

ಇರಲಿಲ್ಲ. ಅಕ್ಕ ಗುಮಾಸ್ತರ ಕಡೆ ತಿರುಗಿದಳು. ಅವರು ಲೋಟ ಬೆನ್ನ ಹಿಂದೆ ಹಿಡಿದು ತಂತಮ್ಮ ಕಡತಕ್ಕೆ ಮರಳಿದರು. ನನಗೆ ಮೈಯೆಲ್ಲ ಉರಿಯಿತು, ಆದರೆ ಆದೇಶ ನನಗೂ ಇರಲಿಲ್ಲ.

"ಸದರಿ ಹುಲ್ಲು ನಿರ್ಗಂಧವಾಗಿದ್ದು, ದನದ ಮೇವಿನ ದರಕ್ಕೆ ಅರ್ಹವಾಗಿರುತ್ತದೆ" ಎಂದು ಪ್ರಮಾಣಪತ್ರ ಬಂತು. ಭಟ್ಟಿ ಮಾಲೀಕ ಅದನ್ನು ಕಣ್ಣಿಗೊತ್ತಿಕೊಂಡು, ಮೇವಿನ ದರಕ್ಕೆ ಹುಲ್ಲು ಕೊಂಡು, ಎಣ್ಣೆ ಇಳಿಸಿ, ಎಣ್ಣೆಯ ದರಕ್ಕೇ ಮಾರಿದ.

"ಎಣ್ಣೆಗೆ ವಾಸನೆ ಎಲ್ಲಿಂದ ಬಂತಣ್ಣ?" ಅಂದಳು ಅಕ್ಕ.

"ಅದು ಭಟ್ಟಿಯ ಕೈಗುಣ, ತಾಯಿ."

ಪರೀಕ್ಷಕರ ನಶ್ಯದ ಡಬ್ಬಿ ತಿಂಗಳು ತಿಂಗಳು ಈ ಭಟ್ಟಿಯಿಂದಲೇ ಹೋಗುತ್ತಿತ್ತು. ಅದನ್ನು ವಿಚಾರಿಸುವ ಹುದ್ದೆ ಕಚೇರಿಯಲ್ಲಿದೆ, ಖಾಲಿ ಇದೆ.

ಆ ವರ್ಷ ಸುತ್ತಲಿನ ಮರುಗ, ಲಾವಂಚ, ಪುದೀನ ಎಲ್ಲವೂ ನಿರ್ಗಂಧವಾದವು. ಅಂಕಿಅಂಶ ನೋಡಿದ ಮೇಲಧಿಕಾರಿಗಳು ಇದನ್ನು ಸಾಧನೆಯೆಂದು ಪರಿಗಣಿಸಿ 'ನಿರ್ಗಂಧ ಸುಗಂಧ ಸಸ್ಯ ಯೋಜನೆ' ಪ್ರಕಟಿಸಿದರು. ಇನ್ನು ಮುಂದೆ ನಿರ್ಗಂಧ ಬೆಳೆಗೆ ಮಾತ್ರ ಸಹಾಯಧನ. ಪರಿಮಳ ಗ್ರಹಿಸಿದ ಸಾರ್ವಜನಿಕರು ಮೂರು ಪ್ರತಿಗಳಲ್ಲಿ ಕಾರಣ ನೀಡತಕ್ಕದ್ದು.

ಯೋಜನೆಯ ಮೊದಲ ಬಹುಮಾನ ಅಕ್ಕನಿಗೇ ಬಂತು. ವೇದಿಕೆಯ ಮೇಲೆ ಅವಳ ಹೊಲದಿಂದ ಆಗಷ್ಟೇ ಕೊಯ್ದ ಒಂದು ಹೊರೆ ಇಟ್ಟಿದ್ದರು. ಸಭಾಂಗಣ ಕೊನೆಯ ಸಾಲಿನವರೆಗೂ ಘಮಘಮಿಸುತ್ತಿತ್ತು, ಒಬ್ಬರೂ ಜೋರಾಗಿ ಉಸಿರೆಳೆಯಲಿಲ್ಲ.

"ವಾಸನೆಯೇ ಬರದ ಹಾಗೆ ಹೇಗಮ್ಮ ಬೆಳೆದೆ?" ಎಂದು ಅಧ್ಯಕ್ಷರು ಮೆಚ್ಚಿ ಕೇಳಿದರು.

ಹೊಲದಲ್ಲಿ ಎರಡನೇ ಕೊಯ್ಲು ಕಾಯುತ್ತಿತ್ತು. ಅಕ್ಕ ಒಮ್ಮೆ ನನ್ನ ಕಡೆ ನೋಡಿದಳು.

"ತುಂಬಾ ಕಷ್ಟಪಟ್ಟೆ ಸಾರ್" ಅಂದಳು.

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.