ಕಾಂಗಸ್ ಮೇಷ್ಟ್ರು ಕಾಫಿ ಬಿಟ್ಟಿದ್ದು

ಪುಸ್ತಕದಲ್ಲಿ ಇದ್ದಷ್ಟನ್ನು ಓದಿ ಹೇಳಿ ಎದ್ದು ಬಂದಿದ್ದರೆ ಆರ್ವಿಡ್ ಕಾಂಗಸ್ ಮೇಷ್ಟ್ರಿಗೆ ಏನೂ ಆಗುತ್ತಿರಲಿಲ್ಲ. ಎಂಟನೇ ತರಗತಿಗೆ ಅಂದಿನ ಪಾಠ ಇಷ್ಟೇ: ಚಟದ ಪದಾರ್ಥಗಳಿಂದ ಮೈಗೆ ಏನಾಗುತ್ತದೆ, ಗೆಳೆಯರು ಕೊಟ್ಟರೆ ಬೇಡ ಎನ್ನುವುದು ಹೇಗೆ. ಮೇಷ್ಟ್ರಿಗೆ ಹುರುಪು ಬಂದುಬಿಟ್ಟಿತು. ಕೈಯಲ್ಲಿ ತಂಬಿಗೆಯಷ್ಟು ದೊಡ್ಡ ಕಾಫಿ ಲೋಟ ಹಿಡಿದುಕೊಂಡೇ, "ಚಟ ಬಿಡೋದೇನು ಮಹಾ? ಮನಸ್ಸು ಗಟ್ಟಿ ಮಾಡಿದ್ರೆ ಒಂದು ದಿನದ ಕೆಲಸ" ಎಂದುಬಿಟ್ಟರು.

ಹಿಂದಿನ ಸಾಲಿನಿಂದ ಟೆಸ್ಸಾ ಕೈ ಎತ್ತಿದಳು. "ಹಾಗಾದ್ರೆ ನಾಳೆ ಒಂದಿನ ನೀವು ಕಾಫಿ ಬಿಡಿ ಸಾರ್, ನೋಡೋಣ."

ಮಕ್ಕಳೆಲ್ಲ ಹೋ ಎಂದರು. ಅಮೆರಿಕದ ಮಿನ್ನೆಸೋಟಾದ ಆ ಬಡಗಣ ಊರಿನಲ್ಲಿ ಜನ ಊಟ ಬಿಟ್ಟಾರು, ಕಾಫಿ ಬಿಡರು. ಆದರೆ ಅಷ್ಟು ಮಕ್ಕಳ ಮುಂದೆ ಆಡಿದ ಮಾತು. "ಅದಕ್ಕೇನಂತೆ?" ಎಂದರು ಮೇಷ್ಟ್ರು.

ಗಂಟೆ ಹೊಡೆದ ಮೇಲೆ ಟೆಸ್ಸಾ ಒಬ್ಬಳೇ ಉಳಿದಳು. ಅಂಗಿಯ ತೋಳಿನೊಳಗಿಂದ ಪೆನ್ನಿನಂಥದೊಂದನ್ನು ಅರ್ಧ ಎಳೆದು ತೋರಿಸಿದಳು. ವೇಪ್, ನಿಕೋಟಿನ್ ಆವಿ ಎಳೆಯುವ ಇ-ಸಿಗರೇಟು. "ನೀವು ಗೆದ್ರೆ ಇದನ್ನ ನಿಮ್ಗೇ ಕೊಡ್ತೀನಿ. ಸೋತ್ರೆ ನಂಗೆ ಇನ್ಯಾವತ್ತೂ ಬುದ್ಧಿ ಹೇಳ್ಬಾರ್ದು. ಗೆದ್ರೂ ಸೋತ್ರೂ ಇದನ್ನ ಯಾರಿಗೂ ಹೇಳ್ಬಾರ್ದು, ಆಯ್ತಾ?"

ಮಾತಿನಲ್ಲಿ ತುಂಟತನವಿತ್ತು, ಕಣ್ಣಿನಲ್ಲಿ ಇರಲಿಲ್ಲ. ಹೋದ ವರ್ಷ ಓಟದಲ್ಲಿ ಎಲ್ಲರನ್ನೂ ಹಿಂದೆ ಹಾಕಿದ ಹುಡುಗಿ ಈಗ ಮೆಟ್ಟಿಲು ಹತ್ತಿದರೆ ಕೆಮ್ಮುತ್ತಿದ್ದಳು. ಇಂಥದ್ದನ್ನು ತಾವಾಗಿ ತಂದೊಪ್ಪಿಸಿದ ಮಕ್ಕಳಿಗೆ ಶಿಕ್ಷೆಯಿಲ್ಲ ಎಂಬುದು ಶಾಲೆಯ ನಿಯಮ. ಮೇಷ್ಟ್ರ ಕರುಳು ಚುರುಕ್ಕೆಂದಿತು. ಆಯ್ತು ಎಂದು ಮಾತು ಕೊಟ್ಟರು, ಗೆಲ್ಲಲೇಬೇಕು ಎಂದುಕೊಂಡರು.

ಮರುದಿನ ಬೆಳಿಗ್ಗೆ ಶಿಕ್ಷಕರ ಕೋಣೆಗೆ ಕಾಲಿಟ್ಟದ್ದೇ ತಡ, ವ್ಯಾಯಾಮದ ಮೇಷ್ಟ್ರು ರೋಲ್ಫ್ ಲೋಟ ಮುಂದೆ ಹಿಡಿದ. "ಕಾಫಿ?"

"ಬೇಡಪ್ಪ."

"ಬಿಸಿ ಇದೆ ಕಣೋ."

"ಬೇಡ."

ಆ ಊರಿನ ಮರ್ಯಾದೆ ಗೊತ್ತಿಲ್ಲದವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಏನು ಕೊಟ್ಟರೂ ಮೊದಲ ಸಲ ಬೇಡ ಎನ್ನಬೇಕು, ಎರಡನೆಯ ಸಲವೂ ಬೇಡ ಎನ್ನಬೇಕು, ಮೂರನೆಯ ಸಲ "ನಿಂಗೆ ತೊಂದ್ರೆ ಇಲ್ಲಾಂದ್ರೆ ಒಂಚೂರು" ಎಂದು ತೆಗೆದುಕೊಳ್ಳಬೇಕು. ಮೊದಲಿಗೇ ಕೈ ಚಾಚಿದವನು ಹೊಟ್ಟೆಬಾಕ. ಮೂರನೆಯ ಸಲವೂ ಬೇಡ ಅಂದವನು ಆ ಊರಿನಲ್ಲಿ ಇನ್ನೂ ಹುಟ್ಟಿರಲಿಲ್ಲ.

"ಒಂದ್ ಗುಟುಕು?" ಎಂದ ರೋಲ್ಫ್.

"ಬೇಡ."

ರೋಲ್ಫನ ಮುಖ ಬಿಳಿಚಿಕೊಂಡಿತು. "ಭಾನುವಾರ ಮೀನು ಹಿಡಿಯೋಕೆ ನಿನ್ನ ಬಿಟ್ಟು ಹೋದೆ ಅಂತ ಕೋಪಾನಾ?"

"ಅಯ್ಯೋ, ಅದೆಲ್ಲ ಏನಿಲ್ಲ ಮಾರಾಯ."

ಪಂದ್ಯ ಎಂದು ಹೇಳಿದರೆ ಯಾರ ಜೊತೆ, ಏನು ಕಟ್ಟಿದೆ ಎಂದು ಕೆದಕುತ್ತಾರೆ. ಹುಡುಗಿಗೆ ಮಾತು ಕೊಟ್ಟಾಗಿತ್ತು. ಮೇಷ್ಟ್ರು ಬಾಯಿಗೆ ಬೀಗ ಹಾಕಿಕೊಂಡು ತರಗತಿಗೆ ಹೋದರು.

ಮೂರನೆಯ ಪಿರಿಯಡ್ಡಿಗೆ ತಲೆ ಸಿಡಿಯತೊಡಗಿತು. ಭೂಗೋಳದ ಪಾಠದಲ್ಲಿ ಬ್ರೆಜಿಲ್ ತೋರಿಸಲು ಹೋದವರು ನಕ್ಷೆ ತಣ್ಣಗಿದೆಯೆಂದು ಅದಕ್ಕೇ ಹಣೆಯಿಟ್ಟು ನಿಂತುಬಿಟ್ಟರು. ಮಕ್ಕಳು ಉಸಿರು ಬಿಗಿಹಿಡಿದು ಕಾದರು. ಕೊನೆಗೊಬ್ಬಳು, "ಸಾರ್, ನೀವು ಪೆಸಿಫಿಕ್ ಸಮುದ್ರದಲ್ಲಿದೀರಾ" ಎಂದು ಮೆಲ್ಲಗೆ ತಿಳಿಸಿದಳು.

ಅಷ್ಟು ಹೊತ್ತಿಗೆ ಪ್ರಿನ್ಸಿಪಾಲ್ ಮಾರ್ಲಿಸ್ ಅವರಿಂದ ಕರೆ ಬಂತು. ಒಳಗೆ ಹೋದಾಗ ಆಕೆಯೇ ಎದ್ದು ಬಾಗಿಲು ಹಾಕಿದರು. ಕಣ್ಣು ಒದ್ದೆಯಾಗಿತ್ತು.

"ನೋಡಿ ಆರ್ವಿಡ್, ನಂಗೆ ರೋಲ್ಫ್ ಎಲ್ಲಾ ಹೇಳ್ದ. ಮೂರು ಸಲಾನೂ ಬೇಡ ಅಂದ್ರಂತೆ. ಡಾಕ್ಟ್ರು ಏನಂದ್ರು?"

"ಯಾವ ಡಾಕ್ಟ್ರು? ನಂಗೇನೂ ಆಗಿಲ್ಲ ಮೇಡಂ."

"ಗೊತ್ತು, ನಮ್ ಕಡೆಯೋರು ಹಾಗೇ ಹೇಳೋದು. ನಮ್ಮ ಮಾವನೂ ಏನಿಲ್ಲ, ಏನಿಲ್ಲ ಅಂತಾನೇ ಹೋದ್ರು."

ಊಟದ ಹೊತ್ತಿಗೆ ಮೇಷ್ಟ್ರ ಮೇಜಿನ ಮೇಲೆ ಎಲ್ಲರ ಸಹಿಯಿದ್ದ ಹೂವಿನ ಕಾರ್ಡು, ಅದರ ಪಕ್ಕದಲ್ಲಿ ಆಲೂಗಡ್ಡೆ ಹಾಸಿ ಬೇಯಿಸಿದ ಮೂರು ತಟ್ಟೆ ಹಾಟ್‌ಡಿಷ್ ಬಂದು ಕೂತಿದ್ದವು. ಆ ಊರಿನಲ್ಲಿ ಒಂದು ತಟ್ಟೆ ಬಂದರೆ ಕಾಯಿಲೆ, ಮೂರು ಬಂದರೆ ಸಾವು. ಕಾರ್ಡು ಓದುತ್ತ ಮೇಷ್ಟ್ರಿಗೇ ತಮ್ಮ ಬಗ್ಗೆ ದುಃಖ ಉಕ್ಕಿ ಬಂತು. ಇಷ್ಟೊಂದು ಪ್ರೀತಿ ಇವರೆಲ್ಲ ಎಲ್ಲಿಟ್ಟುಕೊಂಡಿದ್ದರೋ ಎನ್ನಿಸಿತು.

ಕ್ಯಾಂಟೀನಿನ ಅಡುಗೆಯ ಇಂಗಾ ಬಂದಳು. ಮೇಷ್ಟ್ರು ಚಡ್ಡಿ ಹಾಕಿಕೊಂಡು ಇದೇ ಶಾಲೆಗೆ ಬರುತ್ತಿದ್ದಾಗಲೂ ಬಡಿಸಿದವಳು.

"ಕಾಫಿ ಕುಡೀತೀಯೇನೋ?"

"ಬೇಡ ಇಂಗಾ."

"ಹೋಗ್ಲಿ ಬಿಡು. ಚಾಕ್ಲೇಟ್ ಕೇಕ್ ಮಾಡ್ದೆ, ನಿಂಗೋಸ್ಕರಾನೇ. ಅದನ್ನಾದ್ರೂ ತಿನ್ನು."

ಬೇಡ ಎಂದರು, ಬೇಡ ಎಂದರು, ಮೂರನೆಯ ಸಲ "ತೊಂದ್ರೆ ಇಲ್ಲಾಂದ್ರೆ ಒಂಚೂರು" ಎಂದರು. ಹಾಗೆ ಹೇಳುವ ಸುಖವೇ ಸುಖ. ಎರಡು ದೊಡ್ಡ ತುಂಡು ಹೊಟ್ಟೆಗಿಳಿಯಿತು.

ಆಮೇಲೆ ನಡೆದದ್ದು ಪವಾಡ. ತಲೆನೋವು ಹೇಳಹೆಸರಿಲ್ಲದೆ ಹೋಯಿತು. ಕೊನೆಯ ಪಿರಿಯಡ್ಡಿಗೆ ಎಂಟನೇ ತರಗತಿಯೊಳಗೆ ಮದುಮಗನ ಹಾಗೆ ನಡೆದು ಬಂದು, "ನೋಡಿದ್ರಾ ಮಕ್ಳೇ, ಬೆಳಿಗ್ಗೆ ಸತ್ತೇಹೋದೆ ಅನ್ಸಿತ್ತು. ಈಗ? ಹೂವಿನಷ್ಟು ಹಗುರ! ಮಧ್ಯಾಹ್ನದವರೆಗೆ ಹಲ್ಲು ಕಚ್ಚಿ ಹಿಡಿದ್ರೆ ಸಾಕು, ಆಸೆ ತಾನಾಗೇ ಓಡಿಹೋಗುತ್ತೆ!" ಎಂದು ಸಾರಿದರು. ಮಕ್ಕಳು ಚಪ್ಪಾಳೆ ತಟ್ಟಿದರು. ಗಂಟೆ ಹೊಡೆದ ಮೇಲೆ ಟೆಸ್ಸಾ ಬಂದು, ತಲೆ ತಗ್ಗಿಸಿ, ಆ ಪೆನ್ನಿನಂಥದ್ದನ್ನು ಅವರ ಅಂಗೈಯಲ್ಲಿಟ್ಟು ಹೊರಟುಹೋದಳು.

ಮೇಷ್ಟ್ರ ಕಣ್ಣು ತುಂಬಿತು. ಒರೆಸಿಕೊಳ್ಳುತ್ತಿದ್ದಾಗ ಇಂಗಾ ಕೇಕಿನ ತಟ್ಟೆ ತೆಗೆದುಕೊಂಡು ಹೋಗಲು ಬಂದಳು.

"ಈಗ ಮುಖದಲ್ಲಿ ಕಳೆ ಬಂತು ನೋಡು! ನಾಚ್ಕೆ ಜಾಸ್ತಿ ನಿಂಗೆ, ಕೈಗೆ ಕೊಟ್ರೆ ತಗೊಳ್ಳಲ್ಲ ಅಂತ ಗೊತ್ತಾಯ್ತು. ಅದಕ್ಕೇ ಒಂದು ಕೆಟಲ್ ಗಟ್ಟಿ ಕಾಫೀನ ಕೇಕ್ ಒಳಗೇ ಸುರಿದ್ಬಿಟ್ಟೆ."

ಮೇಷ್ಟ್ರು ಅಂಗೈಯಲ್ಲಿದ್ದ ವೇಪನ್ನು ನೋಡಿದರು.

ಸುಮ್ಮನಿದ್ದರೆ ಯಾರಿಗೆ ಗೊತ್ತಾಗುತ್ತದೆ? ವೇಪ್ ಅಂತೂ ಕೈಗೆ ಬಂದಿದೆ. ಆದರೆ ನಾಳೆ ಆ ಹುಡುಗಿಗೆ ಕೈ ನಡುಗುತ್ತದೆ, ತಲೆ ಸಿಡಿಯುತ್ತದೆ. ಮೇಷ್ಟ್ರಿಗೆ ಮಧ್ಯಾಹ್ನಕ್ಕೇ ಹೋಯಿತಲ್ಲ, ನನಗೇಕೆ ಹೋಗಲಿಲ್ಲ, ನಾನೇ ಕೈಲಾಗದವಳು ಎಂದು ಮೂಲೆಯಲ್ಲಿ ಕೂತು ಅಳುತ್ತಾಳೆ. ಅದನ್ನು ನೆನೆದು ಮೇಷ್ಟ್ರು ಕೋಟನ್ನೂ ಹಾಕಿಕೊಳ್ಳದೆ ಹಿಮದಲ್ಲಿ ಓಡಿದರು.

ಟೆಸ್ಸಾ ಬಸ್ಸಿಗೆ ಕಾಯುತ್ತಿದ್ದಳು. "ನಾನು ಸೋತೆ ಕಣಮ್ಮ" ಎಂದರು ಮೇಷ್ಟ್ರು, ಏದುಸಿರು ಬಿಡುತ್ತ. "ಕೇಕಲ್ಲಿ ಕಾಫಿ ಇತ್ತು. ನಂಗೆ ಗೊತ್ತಿರ್ಲಿಲ್ಲ. ತಲೆನೋವು ಹೋಗಿದ್ದು ಅದ್ರಿಂದ, ಮನಸ್ಸಿನಿಂದಲ್ಲ. ಕಷ್ಟ ಇದೆ ಟೆಸ್ಸಾ, ತುಂಬಾ ಕಷ್ಟ ಇದೆ. ಒಂದು ದಿನದ ಕೆಲಸ ಅಂದಿದ್ದು ನನ್ನ ತಪ್ಪು."

ಟೆಸ್ಸಾ ಬಿದ್ದು ಬಿದ್ದು ನಕ್ಕಳು. ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಬಗ್ಗಿ, ಕಾಲುಚೀಲದೊಳಗಿಂದ ಇನ್ನೊಂದು ವೇಪ್ ತೆಗೆದಳು.

"ಆಗ ಕೊಟ್ಟಿದ್ದು ಖಾಲಿದು ಸಾರ್. ತುಂಬಿರೋದು ಇದು. ನೀವು ಬಂದು ಹೇಳ್ದೇ ಇದ್ದಿದ್ರೆ ನಾನೂ ಹೇಳ್ತಿರ್ಲಿಲ್ಲ." ಅದನ್ನು ಅವರ ಕೈಗೆ ತುರುಕಿದಳು. "ಇಟ್ಕೊಳ್ಳಿ. ಆದ್ರೆ ನೀವು ಸೋತಿದೀರಾ, ಹಾಗಾಗಿ ಪಂದ್ಯ ಹೊಸದು. ನಾನು ಬಿಡ್ಬೇಕಾಗಿರೋದು ಒಂದಿನಕ್ಕಲ್ವಲ್ಲ, ನೀವು ಮಾತ್ರ ಒಂದಿನ ಯಾಕೆ? ನಾನು ಎಷ್ಟು ದಿನ ಮುಟ್ಟಲ್ವೋ, ಅಷ್ಟು ದಿನ ನೀವೂ ಮುಟ್ಬಾರ್ದು."

ಮೇಷ್ಟ್ರು ವೇಪನ್ನು ಜೇಬಿಗೆ ಹಾಕಿಕೊಂಡರು. "ಕೇಕು?" ಎಂದರು ಕೊನೆಗೆ.

"ಕೇಕೂ ಇಲ್ಲ."

ಮರುದಿನ ಬೆಳಿಗ್ಗೆ ತಲೆ ಮತ್ತೆ ಸಿಡಿಯಿತು. ಮೇಜಿನ ಮೇಲೆ ಇನ್ನೆರಡು ಹಾಟ್‌ಡಿಷ್ ಬಂದಿದ್ದವು. ಬಾಗಿಲಲ್ಲಿ ಟೆಸ್ಸಾ ಕಾಣಿಸಿದಳು. ಕಣ್ಣು ಕೆಂಪಗೆ, ಬೆರಳು ನಡುಗುತ್ತ.

"ಹೇಗಿದೀರಾ ಸಾರ್?"

"ಸಾಯ್ತಿದೀನಿ. ನೀನು?"

"ನಾನೂ" ಎಂದು ನಕ್ಕು ಅವಳು ತನ್ನ ಜಾಗಕ್ಕೆ ಹೋಗಿ ಕೂತಳು.

ಕಾಂಗಸ್ ಮೇಷ್ಟ್ರು ಹಣೆ ಒತ್ತಿಕೊಂಡು ಕಣ್ಣು ಮುಚ್ಚಿದರು. ಇನ್ನು ತಾವು ಬದುಕಿರುವ ತನಕ ಒಂದು ತೊಟ್ಟು ಕಾಫಿಯೂ ಸಿಗದಂತೆ ಮಾಡಪ್ಪ ಎಂದು ದೇವರನ್ನು ಬೇಡಿಕೊಂಡರು.