ಒಂದನೇ ಲೆವೆಲ್ಲಿನಲ್ಲಿ ನನ್ನ ಸಾವುಗಳು

ಕೆಲವರಿಗೆ ಭಾನುವಾರ ಬಂತು ಅಂದರೆ ಬಿರಿಯಾನಿ, ಕೆಲವರಿಗೆ ಎಣ್ಣೆಸ್ನಾನ. ನನಗೆ ಸಾವು. ಒಂದು ಸಲ ಆದರೆ ಆಕಸ್ಮಿಕ ಅನ್ನಬಹುದು, ನನ್ನ ವಿಷಯದಲ್ಲಿ ವಾರದ ಸಂತೆ ಥರ ನಡೀತಾನೇ ಇರುತ್ತೆ.

ಗಾಬರಿ ಬೇಡ, ಸಾಯೋದು ಆಟದಲ್ಲಿ. ಮೇಜಿನ ಸುತ್ತ ಕೂತು ಆಡೋದು. ಒಬ್ಬರು ಕಥೆ ಹೇಳ್ತಾರೆ, ಉಳಿದವರಿಗೆ ಒಂದೊಂದು ಪಾತ್ರ. ಏನು ಮಾಡ್ತೀವಿ ಅಂತ ನಾವು ಬಾಯಲ್ಲಿ ಹೇಳಬೇಕು, ಅದು ಆಯಿತೋ ಇಲ್ಲವೋ ಅಂತ ದಾಳ ಹೇಳುತ್ತೆ. ಎಲ್ಲರೂ ಶುರುಮಾಡೋದು ಒಂದನೇ ಲೆವೆಲ್ಲಿನಿಂದ. ಒಂದನೇ ಲೆವೆಲ್ ಅಂದರೆ ಜೋರಾಗಿ ಸೀನಿದರೂ ಜೀವ ಹೋಗುವ ಸ್ಥಿತಿ. ಬದುಕಿ ಬಂದರೆ ಎರಡನೆಯದು. ಸತ್ತರೆ ಹೊಸ ಪಾತ್ರ, ಮತ್ತೆ ಒಂದನೆಯದೇ.

ಕಥೆ ಹೇಳೋರು ಪುಲಿಕೇಶಿನಗರದಲ್ಲಿ ಪರದೆ ಬಟ್ಟೆ ಅಂಗಡಿ ಇಟ್ಟಿರುವ ಸಾಹೇಬರು. ಆಟ ಅಂಗಡಿ ಮೇಲಿನ ಕೋಣೆಯಲ್ಲಿ. ಜೊತೆಗೆ ಬೆನ್ಸನ್ ಟೌನಿನ ಹಲ್ಲಿನ ಡಾಕ್ಟರಮ್ಮ, ಮತ್ತೆ ರಾಮಮೂರ್ತಿ ನಗರದಲ್ಲಿ ರೂಮು ಮಾಡಿಕೊಂಡಿರುವ ರಾಯಚೂರಿನ ಕ್ಯಾಬ್ ಡ್ರೈವರಣ್ಣ. ಅವರಿಬ್ಬರೂ ನಾಲ್ಕನೇ ಲೆವೆಲ್ ಮುಟ್ಟಿ ಕಾಲು ಚಾಚಿ ಕೂತಿದ್ದಾರೆ. ನಾನು ಹಲಸೂರಿನಿಂದ ಹೋಗೋಳು. ಭಾನುವಾರ ಮಧ್ಯಾಹ್ನ ನಮ್ಮನೇಲಿ ಗಂಡ ಮಲಗ್ತಾರೆ, ಬೀದಿಯೂ ಮಲಗುತ್ತೆ, ನನಗೊಬ್ಬಳಿಗೆ ಕಾಲಲ್ಲಿ ಇರುವೆ ಹರಿದ ಹಾಗೆ. ಅಲ್ಲಿ ಹೋದರೂ ಅದೇ ಕಾಲು ಮೇಜಿನ ಕೆಳಗೆ ಕುಣೀತಿರುತ್ತೆ. "ಜಲ್ದಿ ನಕ್ಕೋ ಮೇಡಂ, ಆತುರ ಬೇಡ" ಅಂತ ಸಾಹೇಬರು ಎಷ್ಟು ಸಲ ಹೇಳಿದರೂ ನನಗೆ ಅವಸರವೇ. ಆಸೆ ಒಂದೇ. ಒಂದು ಸಲ, ಒಂದೇ ಒಂದು ಸಲ, ಎರಡನೇ ಲೆವೆಲ್ ನೋಡಬೇಕು.

ಚಪ್ಪಲಿ

ನನ್ನ ಮೊದಲನೇ ಪಾತ್ರ ಮಂತ್ರವಾದಿನಿ. ಕಾಡಿನ ನಡುವೆ ಹಳೇ ಮಂಟಪ, ಒಳಗೆ ದೀಪ ಉರೀತಿದೆ ಅಂದರು ಸಾಹೇಬರು. ಡಾಕ್ಟರಮ್ಮ ಬಾಗಿಲಿಗೆ ಕಿವಿ ಕೊಡ್ತೀನಿ ಅಂದರು. ಡ್ರೈವರಣ್ಣ ಕೋಲಿಂದ ನೆಲ ಕುಟ್ಟಿ ನೋಡ್ತೀನಿ ಅಂದ. ಅಷ್ಟೆಲ್ಲ ಕಾಯೋರು ಯಾರು? "ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ" ಅಂದೆ.

ಸಾಹೇಬರು ದಾಳ ಕೆಳಗಿಟ್ಟರು. "ಚಪ್ಪಲಿ ಬಿಟ್ಟು?"

"ದೀಪ ಹಚ್ಚಿದ್ದಾರಲ್ಲ."

ನೆಲದ ತುಂಬ ಕಬ್ಬಿಣದ ಮುಳ್ಳು ಹರಡಿತ್ತಂತೆ. ಚಪ್ಪಲಿ ಹಾಕಿದವರಿಗೆ ಅದು ಲೆಕ್ಕಕ್ಕೇ ಇಲ್ಲ. ನಾನು ಮಾತ್ರ ದೇವರ ಹತ್ತಿರ ಹೋಗೋ ಮೊದಲೇ ದೇವರ ಪಾದ ಸೇರಿದೆ.

ಡ್ರೈವರಣ್ಣ ಮುಂದಕ್ಕೆ ಬಾಗಿದ. "ಅಲ್ರಿ ಸಾಹೇಬ್ರ, ಮೇಡಂ ಬಾಗಲದಾಗ ಚಪ್ಲಿ ಬಿಟ್ಟಾರಲ್ಲ, ಅದು ನನ್ನ ಕಾಲಿಗೆ ಆಗ್ತದೇನು?"

ಬನ್ನಿ ಅಕ್ಕಾ

ಎರಡನೆಯವಳು ಕಳ್ಳಿ. ಬರಿಗೈಯಲ್ಲಿ ಕಾಡಿಗೆ ಹೋಗಬಾರದು ಅಂತ ಡಾಕ್ಟರಮ್ಮ ಬುದ್ಧಿ ಹೇಳಿ ಕತ್ತಿ ಅಂಗಡಿಗೆ ಕಳಿಸಿದರು. ಅಂಗಡಿಯವನ ಪಾತ್ರವೂ ಸಾಹೇಬರದೇ. ಅವರು ರೇಟು ಹೇಳಿದರು. ನಾನು ಶಿವಾಜಿನಗರದಲ್ಲಿ ಬೆಳೆದವಳು, ಹೇಳಿದ ರೇಟಿಗೆ ಯಾವತ್ತೂ ಏನೂ ತಗೊಂಡವಳಲ್ಲ. ಅರ್ಧಕ್ಕೆ ಕೇಳಿದೆ. ಆಗಲ್ಲ ಅಂದರು. "ಹಾಗಾದ್ರೆ ಬೇಡ ಬಿಡಿ" ಅಂತ ತಿರುಗಿ ನಡೆದೆ.

ಎರಡು ಹೆಜ್ಜೆ ಇಡೋದ್ರೊಳಗೆ "ಬನ್ನಿ ಬನ್ನಿ ಅಕ್ಕಾ" ಅಂತ ಹಿಂದಿಂದ ಕೂಗು ಬರಬೇಕು. ಅದು ಲೋಕನಿಯಮ. ಬರಲಿಲ್ಲ.

"ನಡೀತಾ ಇದ್ದೀನಿ" ಅಂದೆ.

"ನಡೀರಿ."

"ಬೀದಿ ಕೊನೆ ಬಂತು."

"ಬಂತು."

"ನಿಜವಾಗ್ಲೂ ಹೋಗ್ತಾ ಇದ್ದೀನಿ."

"ಊರು ದಾಟಿದ್ರಿ ಮೇಡಂ. ಎದುರಿಗೆ ತೋಳ."

ವಾಪಸು ಹೋಗೋಕೆ ಮಾನ ಬಿಡಲಿಲ್ಲ. ತೋಳಕ್ಕೆ ಚೌಕಾಸಿ ಬರ್ತಿರಲಿಲ್ಲ.

"ಒಂದ್ಸಲ ಕರೀಬಾರ್ದಿತ್ತಾ?" ಅಂತ ಸತ್ತ ಮೇಲೆ ಕೇಳಿದೆ. ಸಾಹೇಬರು ಕನ್ನಡಕ ಒರೆಸಿಕೊಂಡರು. ಮುಖದಲ್ಲಿ ಹಜ್ ಮುಗಿಸಿ ಬಂದಂಥ ಶಾಂತಿ. "ಬೇಜಾರ್ ನಕ್ಕೋ ಮೇಡಂ. ಹೋಗೋ ಗಿರಾಕಿನ ಒಂದ್ಸಲ ಆದ್ರೂ ಕರೀದೆ ಬಿಡಬೇಕು ಅಂತ ಅಂಗಡಿ ತೆಗ್ದಾಗಿಂದ ಆಸೆ ಇತ್ತು."

ಎಲ್ಲರದ್ದೂ ಆಗ್ಲಿ

ಮೂರನೆಯವಳು ವೈದ್ಯೆ. ಗಾಯ ಮಾಯಿಸುವ ಮಂತ್ರ ಅವಳಿಗೆ ಗೊತ್ತು, ಆದರೆ ಒಂದನೇ ಲೆವೆಲ್ಲಲ್ಲವೇ, ದಿನಕ್ಕೆ ಎರಡೇ ಸಲ. ಒಂದು ಜಗಳದಲ್ಲಿ ಮೂವರಿಗೂ ಏಟು ಬಿತ್ತು. ಡಾಕ್ಟರಮ್ಮನಿಗೆ ಒಂದು ಬಡಿಸಿದೆ, ಡ್ರೈವರಣ್ಣನಿಗೆ ಒಂದು ಬಡಿಸಿದೆ. ನನ್ನ ಎಲೆ ಹತ್ತಿರ ಬಂದಾಗ ಪಾತ್ರೆ ಖಾಲಿ.

"ನೀವು ಮೊದ್ಲ ತಗೋಬೇಕಿತ್ತಲ್ರಿ?" ಅಂದ ಡ್ರೈವರಣ್ಣ.

"ಎಲ್ಲರದ್ದೂ ಆಗ್ಲಿ ಅಂತ..."

"ಮನೇಲಿ ಆಗಿದ್ರೆ ನೀನು ತಳ ಕೆರೆದು ಉಪ್ಪಿನಕಾಯಿ ಹಾಕ್ಕೊಂಡು ತಿಂದಿರ್ತಿದ್ದೆ" ಅಂದರು ಡಾಕ್ಟರಮ್ಮ. "ಇಲ್ಲಿ ಅದೂ ಇಲ್ಲ ಕಣೇ."

ಬಿದ್ದವಳು ಉಳೀತಾಳೋ ಇಲ್ಲವೋ ಅಂತ ದಾಳ ಉರುಳಿಸೋ ಹೊತ್ತಿಗೆ ಸರಿಯಾಗಿ ಗಂಡನ ಫೋನು. "ಏನ್ಮಾಡ್ತಿದ್ದೀಯ?"

"ಸಾಯ್ತಾ ಇದ್ದೀನಿ ರೀ. ಆಮೇಲೆ ಮಾಡ್ತೀನಿ."

"ಸರಿ. ಮುಗಿಸ್ಕೊಂಡು ಬರ್ತಾ ಮೊಸರು ತಗೊಂಡ್ಬಾ."

ಬರ್ತೀನಿ

ಕಳೆದ ಭಾನುವಾರ ಹಾಡುಗಾರ್ತಿ ಆದೆ. ಕತ್ತಿ ಬೇಡ, ಮಂತ್ರ ಬೇಡ, ಬಾಯೊಂದಿದ್ದರೆ ಸಾಕು ಅಂತ. ರಾಕ್ಷಸನ ಗುಹೆ ಮುಂದೆ ಬಂದಾಗ ಡಾಕ್ಟರಮ್ಮ, ಡ್ರೈವರಣ್ಣ ಇಬ್ಬರೂ ಏಟು ತಿಂದು ಅರೆಜೀವ ಆಗಿದ್ದರು. ಬಂಡೆ ಹಿಂದೆ ಸುಧಾರಿಸಿಕೊಂಡು ಹೋಗೋಣ ಅಂದರು. ನನ್ನ ಕಾಲು ಕೇಳಬೇಕಲ್ಲ. ಒಬ್ಬಳೇ ಒಳಗೆ ಹೋದೆ. ರಾಕ್ಷಸ ಎದ್ದು ಬಂದು ಬಾಗಿಲಿಗೆ ಅಡ್ಡ ಕೂತ.

ನಾನು ಮಾತಿಗೆ ಶುರುಮಾಡಿದೆ. ಗುಹೆ ಎಷ್ಟು ತಂಪಾಗಿದೆ ಅಂದೆ. ನೀರು ಬರುತ್ತಾ, ಟ್ಯಾಂಕರಾ ಅಂತ ಕೇಳಿದೆ. ತಾಯಿಯವರು ಹುಷಾರಾಗಿದ್ದಾರಾ ಅಂದೆ. ಇಪ್ಪತ್ತು ಮುಖದ ದಾಳ ಉರುಳಿಸಿದರೆ ಇಪ್ಪತ್ತಕ್ಕೆ ಇಪ್ಪತ್ತು.

"ರಾಕ್ಷಸ ಕರಗಿಹೋದ" ಅಂದರು ಸಾಹೇಬರು. "ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಗುಹೆ ಹೊರಗೆ ಕಾಲಿಟ್ರೆ ಎರಡನೇ ಲೆವೆಲ್, ಮೇಡಂ."

ಡಾಕ್ಟರಮ್ಮ ನನ್ನ ಮೊಣಕೈ ಹಿಡಿದುಕೊಂಡರು. "ಬಾಯಿ ಮುಚ್ಕೊಂಡು ಹೊರಗೆ ಬಾ. ಏನೂ ಹೇಳ್ಬೇಡ."

ಆದರೆ ಒಬ್ಬರ ಮನೆಯಿಂದ ಹೇಳದೆ ಕೇಳದೆ ಹೊರಡೋದು ಹೇಗ್ರೀ? ಹೋಗ್ತೀನಿ ಅನ್ನೋ ಹಾಗೂ ಇಲ್ಲ, ಅಪಶಕುನ. "ಬರ್ತೀನಿ" ಅಂದೆ.

ಈ ಆಟದಲ್ಲಿ ನನ್ನ ಬಾಯಿಂದ ಬಂದದ್ದು ನನ್ನ ಪಾತ್ರದ ಮಾತೇ. ರಾಕ್ಷಸನಿಗೆ ನಮ್ಮ ಮನೆಗಳ ಪದ್ಧತಿ ಗೊತ್ತಿರಬೇಕಲ್ಲ.

"ಯಾವಾಗ?" ಅಂದ ರಾಕ್ಷಸ, ಸಾಹೇಬರ ದಪ್ಪ ದನಿಯಲ್ಲಿ.

"ಹಾಗಲ್ಲ, ಅದು ಸುಮ್ನೆ ಹೇಳೋದು."

"ಸುಮ್ನೆ ಹೇಳೋದಾ? ಬರಲ್ವಾ?" ರಾಕ್ಷಸ ಗದೆ ಎತ್ತಿಕೊಂಡ.

ಎರಡನೇ ಲೆವೆಲ್ ಹೊಸಿಲಾಚೆ ಕೂತು ನನ್ನನ್ನೇ ನೋಡ್ತಿದೆ. "ಬರ್ತೀನಿ, ಖಂಡಿತ ಬರ್ತೀನಿ" ಅಂದೆ. "ನೀವೂ ಒಂದ್ಸಲ ನಮ್ಮ ಕಡೆ ಬನ್ನಿ, ಊಟಕ್ಕೆ." ಇದನ್ನ ನಾನು ಹಲಸೂರಿನಲ್ಲಿ ಕಂಡಕಂಡವರಿಗೆಲ್ಲ ಹೇಳಿದ್ದೀನಿ. ಇವತ್ತಿನವರೆಗೂ ಒಬ್ಬರೂ ಬಂದಿಲ್ಲ.

"ನಡಿ, ಬಂದೆ" ಅಂದ ರಾಕ್ಷಸ.

ನಾನು ಹೊರಗೆ ಕಾಲಿಟ್ಟೆ. ಸಾಹೇಬರು ನನ್ನ ಹಾಳೆ ಎಳೆದುಕೊಂಡು ಒಂದನ್ನು ಹೊಡೆದುಹಾಕಿ ಎರಡು ಅಂತ ಬರೆದರು, "ಮುಬಾರಕ್ ಮೇಡಂ" ಅಂದರು. ನನಗೆ ಕಣ್ಣು ತುಂಬಿಬಂತು. ಕಾಲು ಕೂಡ ಕುಣಿಯೋದು ನಿಲ್ಲಿಸಿತ್ತು.

ಡ್ರೈವರಣ್ಣ ಮೊಬೈಲಿನಿಂದ ತಲೆ ಎತ್ತಿದ. "ನಾವು ಬಂಡಿಗಲ್ಲಿನ ಹಿಂದ ಕುಂತೀವಿ. ಮೇಡಂ ಬಂದ್ರು, ಭಾಳ ಸಂತೋಷ. ಅವರ ಹಿಂದ ಯಾರೋ ಬರಾಕತ್ತಾರಲ್ಲ, ಯಾರದು?"

"ಊಟಕ್ಕೆ ಕರೆದೆ" ಅಂದೆ. "ಬಾಯಿಮಾತಿಗೆ."

ಡಾಕ್ಟರಮ್ಮ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು.

"ಊಟಕ್ಕ ಕರದೀರಿ, ಚೊಲೋ ಆತು" ಅಂದ ಡ್ರೈವರಣ್ಣ, ಇನ್ನೂ ಅರ್ಥವಾಗದೆ. "ಏನ್ ಅಡಿಗಿ ಮಾಡೀರಿ?"

ಸಾಹೇಬರು ನಿಧಾನಕ್ಕೆ ದಾಳ ಕೈಗೆತ್ತಿಕೊಂಡು ಅವನ ಕಡೆ ತಿರುಗಿದರು.

"ರಾಕ್ಷಸನೂ ಅದನ್ನೇ ಕೇಳ್ತಾ ಇದ್ದಾನೆ."